ಕಾರ್ಬ್ಯುರೇಟರ್ ಬೈಕು: ದೀರ್ಘ ಬಳಕೆಯ ಅನುಭವ, ಚಳಿಯ ಹಟ ಮತ್ತು ಪರಿಹಾರ

ಒಂದೇ ಸಿಲಿಂಡರಿನ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬೈಕನ್ನು ವರ್ಷಗಟ್ಟಲೆ ಓಡಿಸಿದ್ದೇನೆ. ಎಂಜಿನ್ ಗಟ್ಟಿಮುಟ್ಟಾಗಿದೆ, ಗೇರು ಸಲೀಸಾಗಿ ಬೀಳುತ್ತದೆ, ಮೈಲೇಜ್ ಬಗ್ಗೆ ತಕರಾರಿಲ್ಲ. ಕಾಡಿದ್ದು ಎರಡೇ: ಚಳಿಯಲ್ಲಿ ಬೇಗ ಸ್ಟಾರ್ಟ್ ಆಗದಿರುವುದು, ಸ್ಟಾರ್ಟ್ ಆದರೂ ಐಡ್ಲಿಂಗ್ (ಎಕ್ಸಲರೇಟರ್ ಕೊಡದೆ ಎಂಜಿನ್ ತಾನಾಗಿ ಓಡುತ್ತಿರುವುದು) ಸ್ಥಿರವಾಗಿ ನಿಲ್ಲದಿರುವುದು.

ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗುವುದಿಲ್ಲ; ಆ ಕೊರತೆ ತುಂಬಲೆಂದೇ ಚೋಕ್ ಇರುವುದು. ನನ್ನ ಬೈಕಿನಲ್ಲಿ ಚೋಕ್ ಎಳೆದರೆ ಪೆಟ್ರೋಲಿಗೆ ಪ್ರತ್ಯೇಕ ದಾರಿಯೊಂದು ತೆರೆದುಕೊಳ್ಳುತ್ತದೆ. ಈ ಬಗೆಯ ಚೋಕ್ ಇದ್ದಾಗ ಎಕ್ಸಲರೇಟರ್ ತಿರುವಲೇಬಾರದು. ತಿರುವಿದರೆ ಪೆಟ್ರೋಲನ್ನು ಸೆಳೆಯುವ ನಿರ್ವಾತ ಕುಗ್ಗಿ ಚೋಕ್ ಇದ್ದೂ ಇಲ್ಲದಂತಾಗುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಚೋಕ್ ತೆಗೆದೊಡನೆ ಬೈಕು ಆಫ್ ಆಗುತ್ತಿದೆಯೇ? ಹಾಗಿದ್ದರೆ ಮೊದಲ ಅನುಮಾನ ಪೈಲಟ್ ಜೆಟ್ ಮೇಲಿರಲಿ. ಐಡ್ಲಿಂಗಿಗೆ ಬೇಕಾದ ಪೆಟ್ರೋಲ್ ಬರುವುದು ಅದರ ಮೂಲಕವೇ, ಅದರ ರಂಧ್ರವೋ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಬೈಕು ಬಹಳ ದಿನ ನಿಂತರೆ ಹಳಸಿದ ಪೆಟ್ರೋಲಿನ ಅಂಟು ಅಲ್ಲಿ ಕೂರುತ್ತದೆ. ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ: ಸ್ವಚ್ಛವಾಗಿದ್ದರೆ ದುಂಡನೆಯ ಬೆಳಕಿನ ಚುಕ್ಕೆ ಕಾಣುತ್ತದೆ, ಕಟ್ಟಿಕೊಂಡಿದ್ದರೆ ಆ ಚುಕ್ಕೆ ಸೊಟ್ಟಗಿರುತ್ತದೆ ಇಲ್ಲವೇ ಕಾಣುವುದೇ ಇಲ್ಲ. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ಗಾಳಿ ಹೊಡೆದು ತೆರವು ಮಾಡಿ. ಉಕ್ಕಿನ ತಂತಿ ಮಾತ್ರ ಬೇಡವೇ ಬೇಡ. ಜೆಟ್ಟಿನ ಹಿತ್ತಾಳೆ ಮೆದು, ರಂಧ್ರ ಒಮ್ಮೆ ಹಿಗ್ಗಿದರೆ ಹೊಸ ಜೆಟ್ಟೇ ಗತಿ.

ಇದನ್ನು ಬಿಟ್ಟು ಐಡ್ಲಿಂಗ್ ಸ್ಕ್ರೂ ತಿರುಗಿಸಿ ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಏರಿಸಿಕೊಡುವ ಮೆಕ್ಯಾನಿಕ್‌ಗಳನ್ನು ಕಂಡರೆ ನನಗೆ ಬೇಸರ. ಅಲ್ಲಿಗೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಜೆಟ್ ಸರಿಯಿದ್ದೂ ಎಕ್ಸಲರೇಟರ್ ಬಿಟ್ಟ ಮೇಲೆ ಆರ್‌ಪಿಎಂ ನಿಧಾನವಾಗಿ ಇಳಿಯುತ್ತಿದ್ದರೆ, ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟು ಗಾಳಿ ಒಳನುಗ್ಗುತ್ತಿರಬಹುದು. ಬೆರಳಿನಿಂದ ಬಗ್ಗಿಸಿ ನೋಡಿದರೆ ಕೂದಲೆಳೆಯಂಥ ಸೀಳೂ ಬಾಯಿ ತೆರೆಯುತ್ತದೆ.

ಐಡ್ಲಿಂಗಿನ ಗಾಳಿ-ಪೆಟ್ರೋಲ್ ಮಿಶ್ರಣದ ಸ್ಕ್ರೂ ಹೊಂದಿಸುವುದು ಕೊನೆಯ ಕೆಲಸ, ಅದೂ ಎಂಜಿನ್ ಬಿಸಿಯಿದ್ದಾಗ. ಸ್ಕ್ರೂ ಎಂಜಿನ್ನಿನ ಕಡೆಗಿದ್ದರೆ ಹೊರಕ್ಕೆ ತಿರುಗಿಸಿದಂತೆ ಪೆಟ್ರೋಲ್ ಹೆಚ್ಚುತ್ತದೆ. ಏರ್ ಫಿಲ್ಟರಿನ ಕಡೆಗಿದ್ದರೆ ಹೊರಕ್ಕೆ ತಿರುಗಿಸಿದಂತೆ ಗಾಳಿ ಹೆಚ್ಚುತ್ತದೆ. ಐಡ್ಲಿಂಗ್ ಅತಿ ಹೆಚ್ಚು, ಅತಿ ಸಮವಾಗಿ ಕೇಳಿಸುವ ಜಾಗದಲ್ಲಿ ನಿಲ್ಲಿಸಿ, ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ಕೈಪಿಡಿ ಹೇಳುವ ಮಟ್ಟಕ್ಕೆ ಇಳಿಸಿ.

ಪ್ಲಗ್, ಏರ್ ಫಿಲ್ಟರ್ ನೋಡುವುದು ಎಲ್ಲರಿಗೂ ಗೊತ್ತು. ಟ್ಯಾಪೆಟ್, ಅಂದರೆ ವಾಲ್ವಿಗೆ ಬಿಡುವ ಸಣ್ಣ ಸಂದು, ಮಾತ್ರ ಬಹಳ ಮಂದಿಗೆ ನೆನಪಾಗುವುದಿಲ್ಲ. ಅದು ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಸೋರುತ್ತದೆ, ಬೆಳಗಿನ ಕಿಕ್ ವ್ಯರ್ಥವಾಗುತ್ತದೆ.

ಬೈಕನ್ನು ವಾರಗಟ್ಟಲೆ ನಿಲ್ಲಿಸುವವರಾದರೆ ಫ್ಲೋಟ್ ಬೌಲಿನ (ಕಾರ್ಬ್ಯುರೇಟರಿನ ತಳದ ಬಟ್ಟಲು) ಪೆಟ್ರೋಲನ್ನು ಕೆಳಗಿನ ಸ್ಕ್ರೂ ಸಡಿಲಿಸಿ ಬಸಿದಿಡಿ. ಅಷ್ಟೂ ಮಾಡಲಾಗದವರಿಗೆ ಕಾರ್ಬ್ಯುರೇಟರ್ ಇಲ್ಲದ ಫ್ಯೂಯೆಲ್ ಇಂಜೆಕ್ಷನ್ ಬೈಕೇ ಸರಿ. ದಿನವೂ ಓಡಿಸುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಕಾರ್ಬ್ಯುರೇಟರ್ ಬೈಕನ್ನೇ ಕೊಳ್ಳಿ.