ಬಿಬಿಸಿ ಸುದ್ದಿ ಸೇವೆ: ಗಾಜಾ ವಿಷಯದಲ್ಲಿ ಐದಕ್ಕೆ ಮೂರು ಅಂಕ

ಕಲಬುರಗಿಯಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಮಕ್ಕಳಿಗೆ ಪ್ರಚಲಿತ ವಿದ್ಯಮಾನ ಪಾಠ ಮಾಡುತ್ತೇನೆ. ಹೊರದೇಶದ ಸುದ್ದಿಗೆ ಬಿಬಿಸಿ ನೋಡಿ ಎಂದರೆ ಸಾಕು, ಜಗಳ ಶುರು. "ಸರ್, ಅದು ಇಸ್ರೇಲ್ ಕಡೆ ಅದರಿ" ಅಂತ ಒಬ್ಬ. "ಏ ಇಲ್ರಿ ಸರ್, ಹಮಾಸ್ ಪರ ಮಾತಾಡ್ತದ" ಅಂತ ಇನ್ನೊಬ್ಬಾಕಿ. ಎರಡೂ ಕಡೆಯವರು ಬೈಯುತ್ತಾರೆಂದರೆ ಸುದ್ದಿ ಸರಿಯಾಗಿದೆ ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಇಬ್ಬರ ದೂರಿನಲ್ಲೂ ಹುರುಳಿರಬಹುದಲ್ಲ?

ಮೊದಲು ಅನುಕೂಲದ ಮಾತು. ಕನ್ನಡದಲ್ಲಿ ಈ ಸೇವೆ ಇಲ್ಲ. ಆದರೆ ಉರ್ದು, ಮರಾಠಿ, ತೆಲುಗಿನಲ್ಲಿ ಪುಕ್ಕಟೆ ಸಿಗುತ್ತದೆ, ಈ ಮೂರರಲ್ಲಿ ಒಂದಾದರೂ ಬಲ್ಲವರು ನಮ್ಮೂರಿನ ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

2023ರ ಅಕ್ಟೋಬರ್ 17ರಂದು ಗಾಜಾದ ಅಲ್-ಅಹ್ಲಿ ಆಸ್ಪತ್ರೆಯಲ್ಲಿ ಸ್ಫೋಟವಾಯಿತು. ಮರುದಿನ ನನ್ನ ವಿದ್ಯಾರ್ಥಿನಿಯೊಬ್ಬಳ ನೋಟ್‌ಬುಕ್ಕಿನಲ್ಲಿ, ಯಾವುದೋ ಚಾನೆಲ್ ನೋಡಿ ಬರೆದದ್ದು: "ಇಸ್ರೇಲ್ ದಾಳಿ, 500 ಸಾವು". ಕೆಳಗೆ ಕೆಂಪು ಶಾಯಿಯ ಎರಡು ಗೆರೆ. ಇಸ್ಲಾಮಿಕ್ ಜಿಹಾದ್ ಎಂಬ ಪ್ಯಾಲೆಸ್ಟೀನಿ ಸಶಸ್ತ್ರ ಗುಂಪು ಹಾರಿಸಿದ ರಾಕೆಟ್ ಗುರಿ ತಪ್ಪಿ ಬಿದ್ದದ್ದು ಎಂದು ಇಸ್ರೇಲ್ ಹೇಳಿತು. ಆ ರಾತ್ರಿ ಬಿಬಿಸಿ ವರದಿಗಾರರೊಬ್ಬರೂ ನೇರಪ್ರಸಾರದಲ್ಲಿ ಇದು ಇಸ್ರೇಲ್ ದಾಳಿಯೇ ಇರಬೇಕೆಂಬ ಊಹೆ ಆಡಿದ್ದರು. ಹಾಗೆ ಊಹಿಸಿದ್ದು ತಪ್ಪು ಎಂದು ಸಂಸ್ಥೆಯೇ ಆಮೇಲೆ ಹೇಳಿತು. ಹೇಳಿದ್ದು ಒಳ್ಳೆಯದೇ. ಆದರೆ ತಿದ್ದುಪಡಿ ಹುಡುಕಿಕೊಂಡು ಹೋಗಿ ಓದುವವರು ಎಷ್ಟು ಮಂದಿ?

2025ರಲ್ಲಿ ಗಾಜಾ ಮಕ್ಕಳ ಬಗೆಗಿನ ಸಾಕ್ಷ್ಯಚಿತ್ರವೊಂದನ್ನು ಬಿಬಿಸಿ ಹಿಂತೆಗೆಯಿತು. ನಿರೂಪಣೆ ಮಾಡಿದ ಹುಡುಗನ ತಂದೆ ಹಮಾಸ್ ಆಡಳಿತದಲ್ಲಿ ಉಪಮಂತ್ರಿ ಎಂಬುದನ್ನು ವೀಕ್ಷಕರಿಗೆ ತಿಳಿಸಿರಲಿಲ್ಲ. ಅದೇ ವರ್ಷ ಗಾಜಾದ ವೈದ್ಯರ ಕುರಿತ ಇನ್ನೊಂದು ಚಿತ್ರವನ್ನು, ಪಕ್ಷಪಾತದಂತೆ ಕಂಡೀತು ಎಂದು ಕೈಬಿಟ್ಟಿತು. ಅದು ಬ್ರಿಟನ್ನಿನದೇ ಇನ್ನೊಂದು ವಾಹಿನಿ ಚಾನೆಲ್ 4ರಲ್ಲಿ ಬಂತು. ಮೊದಲನೆಯದರಲ್ಲಿ ಎಚ್ಚರ ಸಾಲಲಿಲ್ಲ, ಎರಡನೆಯದರಲ್ಲಿ ಧೈರ್ಯ ಸಾಲಲಿಲ್ಲ.

ನನ್ನ ನಿಜವಾದ ಸಿಟ್ಟು ಬೇರೆಯದರ ಮೇಲೆ. ಮಧ್ಯಪ್ರಾಚ್ಯದ ತನ್ನ ವರದಿಗಾರಿಕೆಯನ್ನು ಬಿಬಿಸಿ 2004ರಲ್ಲಿ ಪತ್ರಕರ್ತ ಮಾಲ್ಕಮ್ ಬೇಲನ್ ಅವರಿಂದ ಪರಿಶೀಲನೆ ಮಾಡಿಸಿತು. ನಮ್ಮಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದ 2005ರಲ್ಲೇ ಬ್ರಿಟನ್ನಿನಲ್ಲಿ ಸ್ಟೀವನ್ ಶುಗರ್ ಎಂಬ ವಕೀಲರು ಅಲ್ಲಿನ ಮಾಹಿತಿ ಹಕ್ಕು ಕಾಯ್ದೆಯಡಿ ಆ ವರದಿ ಕೊಡಿ ಎಂದು ಅರ್ಜಿ ಹಾಕಿದರು. ಕೊಡಲಿಲ್ಲ. ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 2012ರಲ್ಲಿ ಬಿಬಿಸಿ ಗೆದ್ದಿತು, ಅಷ್ಟರಲ್ಲಿ ಶುಗರ್ ತೀರಿಕೊಂಡಿದ್ದರು. ಪತ್ರಿಕೋದ್ಯಮದ ಉದ್ದೇಶಕ್ಕೆ ಇಟ್ಟುಕೊಂಡ ಮಾಹಿತಿ ಕಾಯ್ದೆಯ ಹೊರಗೆ, ಅಷ್ಟೇ ಕಾರಣ. ಕಾನೂನು ಸರಿಯಿರಬಹುದು. 2025ರಲ್ಲಿ ಬಿಬಿಸಿ ನಡೆಸಲು ಮನೆಗೆ 174.50 ಪೌಂಡ್ ಟಿವಿ ಪರವಾನಗಿ ಶುಲ್ಕ ಕಟ್ಟಿದ ಬ್ರಿಟನ್ನಿನ ಜನ ಆ ವರದಿಯನ್ನು ಇನ್ನೂ ಓದಿಲ್ಲ.

ಇದೇ ವಿಷಯಕ್ಕೆ ಬಿಬಿಸಿ ಆಡಳಿತ ಮಂಡಳಿ ನೇಮಿಸಿದ್ದ ಥಾಮಸ್ ಸಮಿತಿಯ, ಬಹಿರಂಗವಾದ 2006ರ ವರದಿಯಿಂದ ಎಷ್ಟು ಉಪಯೋಗವಾಯಿತು ನೋಡಿ. ಬೇಕೆಂದೇ ಪಕ್ಷಪಾತ ಮಾಡಿದ್ದು ಕಂಡಿಲ್ಲ, ಆದರೆ ಚಿತ್ರ ಅಪೂರ್ಣ, ಒಂದು ಕಡೆಯವರ ಕೈಯಲ್ಲಿ ಹಿಡಿತವಿದೆ, ಇನ್ನೊಂದು ಕಡೆಯವರಾದ ಪ್ಯಾಲೆಸ್ಟೀನಿಯರು ಅವರ ಸೇನೆಯ ಸ್ವಾಧೀನದಡಿ ಬದುಕುತ್ತಿದ್ದಾರೆ ಎಂಬ ಅಂತರ ಸಾಕಷ್ಟು ಕಾಣುವುದಿಲ್ಲ ಎಂದಿತು. ಇದನ್ನೇ ನಾನು ತರಗತಿಯಲ್ಲಿ ಹೇಳುವುದು: ಹೇಳಿದ್ದರ ಜೊತೆ ಬಿಟ್ಟದ್ದನ್ನೂ ನೋಡಿ. 2023ರಲ್ಲಿ ಶುರುವಾದ ಯುದ್ಧದಲ್ಲಿ ವಿದೇಶಿ ವರದಿಗಾರರನ್ನು ಇಸ್ರೇಲ್ ಗಾಜಾದೊಳಗೆ ಸ್ವತಂತ್ರವಾಗಿ ಬಿಡಲಿಲ್ಲ ಎಂಬುದೂ ನೆನಪಿರಲಿ.

ದಿನಾಂಕ, ಒಪ್ಪಂದ, ಭೂಪಟಕ್ಕೆ ಧೈರ್ಯವಾಗಿ ಬಳಸಿ. ಸ್ಫೋಟ, ಸಾವಿನ ಸಂಖ್ಯೆಯಂಥ ಸುದ್ದಿಯನ್ನು ಎರಡು ದಿನ ಕಾದು ನೋಟ್ಸಿಗೆ ಇಳಿಸಿ. ಬೇಲನ್ ವರದಿ ಹೊರಗೆ ಬಿಟ್ಟರೆ ಇನ್ನೊಂದು ಅಂಕ ಸೇರಿಸುತ್ತೇನೆ.