ಬೂದು ಮುಚ್ಚಳದ 10 ಎಂ.ಎಲ್. ಟ್ಯೂಬ್: ಕೊಳ್ಳುವ ಮುಂಚೆ ಲೇಬಲ್ ಓದಿ

ನಾನು ತಾಲೂಕು ಆಸ್ಪತ್ರೆಯೊಂದರಲ್ಲಿ ಕ್ಯಾಶುವಾಲ್ಟಿ ಡಾಕ್ಟರ್. ಶನಿವಾರ ನೈಟ್ ಡ್ಯೂಟಿ ಬಿತ್ತು ಅಂದ್ರೆ ಪೊಲೀಸರು ಮೆಮೊ ಹಿಡಿದು ಒಬ್ಬನನ್ನಾದರೂ ಕರೆತಂದೇ ತರುತ್ತಾರೆ, ಕುಡಿದು ಗಾಡಿ ಓಡಿಸಿದ ಕೇಸು. ಕೆಲವರು ಊದಲು ಒಪ್ಪಿರುವುದಿಲ್ಲ, ಕೆಲವರು ಬಿದ್ದು ಪೆಟ್ಟಾಗಿ ಊದುವ ಸ್ಥಿತಿಯಲ್ಲೇ ಇರುವುದಿಲ್ಲ. ಆಗ ರಕ್ತವೇ ಸಾಕ್ಷಿ. ಆ ರಕ್ತ ತುಂಬುವ ಟ್ಯೂಬಿನ ಬಗ್ಗೆ ಈ ರಿವ್ಯೂ. ಒಂದು ವರ್ಷದಿಂದ ಬಳಸುತ್ತಿದ್ದೇನೆ.

ಮೊದಲು ನಾವು ಶುಗರ್ ಟೆಸ್ಟಿನ ಪುಟ್ಟ ಟ್ಯೂಬನ್ನೇ ಬಳಸುತ್ತಿದ್ದೆವು. ಅದರ ಮುಚ್ಚಳವೂ ಬೂದು, ಅದರಲ್ಲೂ ರಕ್ತ ಕೆಡದಂತೆ ಕಾಯುವ ಪುಡಿ ಸೋಡಿಯಂ ಫ್ಲೋರೈಡ್ ಇದೆ, ಸಾಕಲ್ವಾ ಅಂದುಕೊಂಡಿದ್ದೆವು. ಸಾಲದು. 2 ಎಂ.ಎಲ್. ಟ್ಯೂಬಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ 5 ಮಿ.ಗ್ರಾಂ ಆಸುಪಾಸು, ಅಂದರೆ ಒಂದು ಎಂ.ಎಲ್. ರಕ್ತಕ್ಕೆ ಎರಡೂವರೆ. ಈ ದೊಡ್ಡದರಲ್ಲಿ 100 ಮಿ.ಗ್ರಾಂ ಇದೆ, ಒಂದು ಎಂ.ಎಲ್.ಗೆ 10 ಬಿತ್ತು. ಜೊತೆಗೆ ರಕ್ತ ಹೆಪ್ಪುಗಟ್ಟದಿರಲು 20 ಮಿ.ಗ್ರಾಂ ಪೊಟ್ಯಾಸಿಯಂ ಆಕ್ಸಲೇಟ್. ಶುಗರ್ ಸ್ಯಾಂಪಲ್ ಅವತ್ತೇ ಟೆಸ್ಟ್ ಆಗಿ ಮುಗಿಯುತ್ತದೆ. ನಮ್ಮದು ಹಾಗಲ್ಲ, ಅರಗು ಮುದ್ರೆ ಹಾಕಿಸಿಕೊಂಡು ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಎಫ್‌ಎಸ್‌ಎಲ್‌ಗೆ, ಅಂದರೆ ಅಪರಾಧ ಕೇಸುಗಳ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿ ಸರದಿ ಕಾಯಬೇಕು. ಅಷ್ಟರಲ್ಲಿ ಸೂಕ್ಷ್ಮಜೀವಿ ಬೆಳೆದರೆ ಅವು ರಕ್ತದ ಸಕ್ಕರೆ ತಿಂದು ಆಲ್ಕೋಹಾಲ್ ಮಾಡಬಹುದು, ಹೆಂಡದ ಮಡಕೆಯಲ್ಲಿ ಆಗೋದೂ ಇದೇ ತಾನೆ. ಇಲ್ಲವೇ ಇದ್ದ ಆಲ್ಕೋಹಾಲನ್ನೇ ಮುಗಿಸಿಬಿಡಬಹುದು. ಕುಡಿಯದವನು ಸಿಕ್ಕಿಬೀಳೋದು, ಕುಡಿದವನು ಪಾರಾಗೋದು, ಎರಡಕ್ಕೂ ದಾರಿ. ನಾಲ್ಕು ಕಾಸು ಉಳಿಸಲು ಶುಗರ್ ಟ್ಯೂಬ್ ಬಳಸಬೇಡಿ.

ಇನ್ನು ದೂರುಗಳು. ಪುಡಿ ಎಷ್ಟಿದೆ ಅನ್ನೋದನ್ನ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದಾರೆ, ರಾತ್ರಿ ಮೂರು ಗಂಟೆಗೆ ಓದೋದು ಹೇಗೆ? ಹೆಸರು, ಎಂ.ಎಲ್.ಸಿ. (ಪೊಲೀಸ್ ಕೇಸಿನ ಆಸ್ಪತ್ರೆ ದಾಖಲೆ) ನಂಬರು, ತಾರೀಕು, ರಕ್ತ ತೆಗೆದ ಸಮಯ, ಸಹಿ ಎಲ್ಲಾ ಬರೆಯಲು ಲೇಬಲ್ಲಿನಲ್ಲಿ ಜಾಗ ಸಾಲಲ್ಲ. ಸಮಯವಂತೂ ಬಿಡುವಂತಿಲ್ಲ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿ.ಗ್ರಾಂ. ಮೈಯಲ್ಲಿ ಗಂಟೆಗೆ ಸುಮಾರು 10ರಿಂದ 20 ಇಳಿಯುತ್ತಾ ಹೋಗುತ್ತದೆ. ರಸ್ತೆಯಲ್ಲಿ 45 ಇದ್ದವನು ನಮ್ಮ ಬೆಂಚಿನ ಮೇಲೆ ಎರಡು ಗಂಟೆ ಕೂತರೆ ಲೆಕ್ಕ ಏನಾಯಿತು ನೋಡಿ. ಪುಡಿ ತಳದಲ್ಲಿ ಅಂಟಿಕೊಳ್ಳುತ್ತದೆ, ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಗಡಬಡಿಸಿ ಕುಲುಕಬಾರದು. ಟ್ಯೂಬನ್ನು ಗುರುತಿನವರೆಗೆ ಪೂರ್ತಿ ತುಂಬಿಸಿ ಕೂಡ. ಅರ್ಧ ಖಾಲಿ ಬಿಟ್ಟರೆ ಆಲ್ಕೋಹಾಲ್ ಮೇಲಿನ ಗಾಳಿಗೆ ಹೋಗುತ್ತದೆ.

ಟ್ಯೂಬ್ ಎಷ್ಟೇ ಚೆನ್ನಾಗಿದ್ದರೂ ಒಂದು ತಪ್ಪನ್ನು ಅದು ಸರಿಮಾಡಲಾರದು. ಅದು ಸ್ಪಿರಿಟ್ ಹತ್ತಿ. ಸ್ಪಿರಿಟ್ ಅಂದರೆ ಆಲ್ಕೋಹಾಲೇ, ಚರ್ಮಕ್ಕೆ ಹಚ್ಚಿದ್ದು ಸ್ಯಾಂಪಲ್ಲಿಗೆ ಸೇರಿತು ಅನ್ನೋ ಅನುಮಾನಕ್ಕೆ ದಾರಿ. ನಮ್ಮ ಸಿಸ್ಟರ್ ಅಭ್ಯಾಸಬಲದಿಂದ ಅದನ್ನೇ ಟ್ರೇನಲ್ಲಿ ಇಟ್ಟಿರುತ್ತಾರೆ, ನಾನು ಪ್ರತಿ ಸಲ "ಅಕ್ಕಾ, ಇವತ್ತು ಬೆಟಡಿನ್" ಅಂತ ನೆನಪಿಸಬೇಕು. ಒಮ್ಮೆ ಕೋರ್ಟಿನಲ್ಲಿ ಆರೋಪಿ ಕಡೆಯ ವಕೀಲರು ನನ್ನನ್ನು ಬೇರೇನೂ ಕೇಳಲಿಲ್ಲ. "ಡಾಕ್ಟ್ರೇ, ಸೂಜಿ ಚುಚ್ಚೋ ಮುಂಚೆ ಕೈಗೆ ಏನು ಹಚ್ಚಿದ್ರಿ?" ಅಷ್ಟೇ. ಬೆಟಡಿನ್ ಹಚ್ಚಿದ್ದೆ. ಆದರೆ ಎಲ್ಲೂ ಬರೆದಿರಲಿಲ್ಲ. ಆ ಹತ್ತು ನಿಮಿಷ ಕಟಕಟೆಯಲ್ಲಿ ಬೆವರಿದ್ದು ಈಗಲೂ ನೆನಪಿದೆ. ಅಂದಿನಿಂದ ರಿಜಿಸ್ಟರ್‌ನಲ್ಲಿ "ಸ್ಪಿರಿಟ್ ಬಳಸಿಲ್ಲ" ಅಂತ ಮೊದಲ ಸಾಲು ಬರೆದೇ ಸಿರಿಂಜ್ ಮುಟ್ಟೋದು.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಿತ್ತುಕೊಂಡಿದ್ದು ಆ ಲೇಬಲ್ಲಿಗೆ. ಡಬ್ಬ ಬಂದ ಕೂಡಲೇ ಎಕ್ಸ್‌ಪೈರಿ ನೋಡಿ, ಹಳೆಯದಾದರೆ ರಕ್ತ ಎಳೆದುಕೊಳ್ಳುವ ಒಳಗಿನ ವ್ಯಾಕ್ಯೂಮ್ ಸತ್ತು ರಕ್ತ ಅರ್ಧಕ್ಕೇ ನಿಲ್ಲುತ್ತದೆ. ನಮ್ಮ ಡಬ್ಬದಲ್ಲಿ ಆರು ಉಳಿದಿವೆ, ಹೊಸ ಸ್ಟಾಕಿಗೆ ಇಂಡೆಂಟ್ ಹಾಕಿ ತಿಂಗಳಾಯಿತು, ನಾಡಿದ್ದು ಶನಿವಾರ.