ಕ್ಯಾಂಪಸ್ ವೈಫೈಗೆ ಕ್ಯಾಟ್ 6ಎ ಕೇಬಲ್: ಕೊಡಗಿನ ಕಟ್ಟಡಗಳಿಗೆ ಒಗ್ಗುತ್ತದೆಯೇ?

ಮಡಿಕೇರಿ, ಪೊನ್ನಂಪೇಟೆ ಕಡೆಯ ಕಾಲೇಜು, ಹಾಸ್ಟೆಲುಗಳಿಗೆ ಹೊಸದಾಗಿ ನೆಟ್‌ವರ್ಕ್ ಕೇಬಲ್ ಎಳೆಸುವುದಾದರೆ ತಾಮ್ರದ ತಂತಿಯ ಕ್ಯಾಟ್ 6ಎ ದರ್ಜೆಯದ್ದನ್ನು ಕೊಳ್ಳಿ. ಕ್ಯಾಟ್ 6ಕ್ಕಿಂತ ದುಬಾರಿ, ದಪ್ಪ, ಬಗ್ಗಿಸಲು ಬಿಗಿ. ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕ್ಯಾಟ್ 6ರಲ್ಲಿ 10 ಗಿಗಾಬಿಟ್ ವೇಗ ಹೆಚ್ಚೆಂದರೆ 55 ಮೀಟರ್ ಓಡುತ್ತದೆ, 6ಎಯಲ್ಲಿ ಪೂರ್ತಿ 100. ವೈಫೈ 7ರ ದೊಡ್ಡ ಆಕ್ಸೆಸ್ ಪಾಯಿಂಟುಗಳಲ್ಲಿ (ಕೇಬಲ್ ತುದಿಯಲ್ಲಿ ಕೂತು ವೈಫೈ ಹರಡುವ ಪೆಟ್ಟಿಗೆ) 10 ಗಿಗಾಬಿಟ್ ಪೋರ್ಟ್ ಆಗಲೇ ಬಂದಿದೆ. ಪಾಯಿಂಟ್ ಬದಲಿಸುವುದು ಸುಲಭ. ಹಳೆಯ ಕಟ್ಟಡದ ಮರದ ಮುಚ್ಚಿಗೆ ಬಿಚ್ಚಿ ಕೇಬಲ್ ಬದಲಿಸುವುದು ದೊಡ್ಡ ರಗಳೆ. ಅದಕ್ಕೇ ಪ್ರತಿ ಜಾಗಕ್ಕೂ ಎರಡೆರಡು ಕೇಬಲ್ ಈಗಲೇ ಎಳೆಸಿಬಿಡಿ, ತುದಿಯಲ್ಲಿ ಮೂರು ಮೀಟರ್ ಸಡಿಲ ಬಿಡಿಸಿ.

305 ಮೀಟರ್ ಡ್ರಮ್ ಬಂದ ಕೂಡಲೇ ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಹೊಳೆದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅಂಗಡಿಯವರು ಸಿಸಿಎ ಅನ್ನುವ ಮಾಲು. ಹಾಗೇ ವಾಪಸ್ ಕಳಿಸಿ. ಅದರ ರೋಧ ಹೆಚ್ಚು. ಪಾಯಿಂಟಿಗೆ ಇದೇ ಕೇಬಲ್ಲಿನಲ್ಲಿ ವಿದ್ಯುತ್ ಕೊಡುವ ಪಿಒಇ ಕರೆಂಟ್ ಹರಿದಾಗ ಬಿಸಿಯಾಗುತ್ತದೆ, ದೂರದ ತುದಿಗೆ ವೋಲ್ಟೇಜ್ ಸಾಲದೆ ಪಾಯಿಂಟ್ ಪದೇ ಪದೇ ರೀಬೂಟ್ ಆಗುತ್ತದೆ. ಹೆಚ್ಚು ವಿದ್ಯುತ್ ಕೊಡುವ ಬಿಟಿ ದರ್ಜೆಯ ಪಿಒಇ ಸ್ವಿಚ್ (ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಒಂದೊಂದು ಪೋರ್ಟಿಗೆ 60ರಿಂದ 90 ವಾಟ್ ಕೊಡುವಾಗ ಈ ತೊಂದರೆ ಇನ್ನೂ ಜಾಸ್ತಿ.

6ಎಯ ನಿಜವಾದ ಕಷ್ಟ ಅದರ ದಪ್ಪ, ಸುಮಾರು ಏಳೂವರೆ ಮಿಲಿಮೀಟರ್. 25 ಮಿಲಿಮೀಟರ್ ಪೈಪಿನಲ್ಲಿ ಮೂರಕ್ಕಿಂತ ಹೆಚ್ಚು ತುರುಕಬಾರದು. ಮೂಲೆಯಲ್ಲಿ ಎಲ್ಬೋ ಬೇಡ, ಅಗಲ ಬೆಂಡ್ ಹಾಕಿಸಿ. ಸ್ವಿಚ್‌ಗಳನ್ನು ಜೋಡಿಸುವ ರ‍್ಯಾಕಿನಿಂದ ಗೋಡೆಯ ಜ್ಯಾಕಿನವರೆಗೆ 90 ಮೀಟರ್ ಮಿತಿ; 100ರಲ್ಲಿ ಮಿಕ್ಕ 10 ಎರಡೂ ತುದಿಯ ಸಣ್ಣ ಜೋಡಣೆ ಕೇಬಲ್‌ಗಳಿಗೆ. ಇಳಿಜಾರಿನ ಕಟ್ಟಡಗಳಲ್ಲಿ ನಕ್ಷೆ ನಂಬದೆ ಕೇಬಲ್ ಹೋಗುವ ದಾರಿಯನ್ನೇ ಟೇಪ್ ಹಿಡಿದು ಅಳೆಯಿರಿ, ಏರಿಳಿತವೂ ಸೇರಲಿ. ಫಾಯಿಲ್ ಇರುವ ಕೇಬಲ್ ಕೊಂಡರೆ ಜ್ಯಾಕೂ ಲೋಹದ್ದೇ ಆಗಬೇಕು, ರ‍್ಯಾಕಿಗೆ ಸರಿಯಾದ ಅರ್ತಿಂಗ್ ಬೇಕು. ಅದಾಗದಿದ್ದರೆ ಫಾಯಿಲ್ ಇಲ್ಲದ 6ಎ ಸಾಕು.

ಜಗಲಿ, ಮಾಡಿನ ಅಂಚಿಗೆ ಒಳಾಂಗಣದ ಪಿವಿಸಿ ಕೇಬಲ್ ಖಂಡಿತ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ಮಳೆಗೆ ನೀರು ಕೇಬಲ್ ಗುಂಟ ಇಳಿದು ಜ್ಯಾಕ್ ಹಸಿರುಗಟ್ಟುತ್ತದೆ. ಕಪ್ಪು ಪಾಲಿಥಿನ್ ಹೊದಿಕೆಯದ್ದನ್ನೇ ತನ್ನಿ, ಗೋಡೆಯೊಳಗೆ ಹೋಗುವ ಮೊದಲು ಕೆಳಮುಖವಾಗಿ ಒಂದು ಬಳಸು ಕೊಡಿಸಿ. ಕಟ್ಟಡದಿಂದ ಕಟ್ಟಡಕ್ಕೆ ಮಾತ್ರ 6ಎ ಕೂಡ ಬೇಡ: ಏಪ್ರಿಲ್, ಮೇ ಸಿಡಿಲಿಗೆ ತಾಮ್ರದ ಎರಡೂ ತುದಿಯ ಸ್ವಿಚ್ ಸುಡಬಹುದು. ಅಲ್ಲಿಗೆ ಲೋಹವಿಲ್ಲದ ಸಿಂಗಲ್ ಮೋಡ್ ಫೈಬರೇ (ಬೆಳಕಿನಲ್ಲಿ ಡೇಟಾ ಸಾಗಿಸುವ ಗಾಜಿನ ಎಳೆ) ಸರಿ.

ದೀಪ ಮಿನುಗುವ ಅಗ್ಗದ ಟೆಸ್ಟರ್ ತಂತಿ ಜೋಡಣೆ ಸರಿಯಿದೆ ಎಂದಷ್ಟೇ ಹೇಳುತ್ತದೆ. ಪ್ರತಿ ಕೇಬಲ್‌ಗೂ ಅದು 6ಎ ಮಟ್ಟಕ್ಕಿದೆ ಎಂದು ಅಳೆದು ತೋರಿಸುವ, 500 ಮೆಗಾಹರ್ಟ್ಸ್‌ವರೆಗಿನ ಸರ್ಟಿಫಿಕೇಷನ್ ವರದಿ ಕೇಳಿ, ಅದು ಕೈಸೇರುವ ತನಕ ಗುತ್ತಿಗೆದಾರರ ಕೊನೆಯ ಬಿಲ್ ಪಾಸ್ ಮಾಡಬೇಡಿ.